ಬೆಳೆಯುವ ಬೋವಾ ಹಾವಿಗೆ ಊಟ ಎಷ್ಟು, ಎಷ್ಟು ದಿನಕ್ಕೊಮ್ಮೆ?

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೋವಾ ಹಾವೊಂದನ್ನು ಸಾಕಿದ್ದ. ಅಲ್ಲಿ ನಾಯಿ, ಬೆಕ್ಕುಗಳಂತೆ ಹಾವನ್ನೂ ಸಾಕುವವರಿದ್ದಾರೆ. ಮರಿಯಾಗಿದ್ದಾಗಿನ ಅಭ್ಯಾಸವನ್ನು ಬಿಡದೆ, ದೊಡ್ಡದಾದ ಮೇಲೂ ಆತ ವಾರಕ್ಕೊಂದು ಭಾರಿ ಇಲಿ ಕೊಡುತ್ತಿದ್ದ. ಆರನೆಯ ವರ್ಷ ಹಾವು ಸತ್ತಿತು. ಪಶುವೈದ್ಯರು ಕೊಯ್ದು ನೋಡಿದರೆ ಒಡಲ ತುಂಬ ಕೊಬ್ಬು, ಯಕೃತ್ತಿನಲ್ಲೂ ಕೊಬ್ಬು. ಸಾಕಿದ ಬೋವಾ 20-30 ವರ್ಷ ಬಾಳುವುದುಂಟು. ಫಿಲಡೆಲ್ಫಿಯ ಮೃಗಾಲಯದ ಬೋವಾ ಒಂದು 1977ರಲ್ಲಿ ಸತ್ತಾಗ ಅದಕ್ಕೆ 40 ವರ್ಷ ದಾಟಿತ್ತು. "ಹೆಚ್ಚು ತಿನ್ನಿಸಿ ನಾನೇ ಕೊಂದೆನೆ, ಸಾರ್?" ಎಂದು ಆತ ಫೋನಿನಲ್ಲಿ ಕೇಳಿದ. ನಾನು ಹಾವುಗಳ ತಜ್ಞನಲ್ಲ. ಆದರೆ ಆತನ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ಭೌತವಿಜ್ಞಾನದ ಮೇಷ್ಟರೂ ಹೇಳಬಹುದು.

ಮೊದಲು ಹಾವಿನ ಪರಿಚಯ. ಬೋವಾ ನಮ್ಮ ಹೆಬ್ಬಾವಲ್ಲ. ಅದರ ತವರು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ನಾಡು. ಹೆಬ್ಬಾವು ಮೊಟ್ಟೆ ಇಡುತ್ತದೆ, ಬೋವಾ ಮರಿ ಹಾಕುತ್ತದೆ. ಹುಟ್ಟಿದಾಗ ಮರಿಯ ಉದ್ದ ಸುಮಾರು ಅರ್ಧ ಮೀಟರ್. ಮೊದಲ ಪೊರೆ ಕಳಚಿದ ಮೇಲೆ ಅದು ಊಟಕ್ಕೆ ಸಿದ್ಧ. ಬೆಳೆದ ಹೆಣ್ಣು 2 ಮೀಟರನ್ನು ಸುಲಭವಾಗಿ ಮೀರುತ್ತದೆ. ಗಂಡು ಅದಕ್ಕಿಂತ ಚಿಕ್ಕದು.

ಈಗ ಒಂದು ಕಾಗದ ತೆಗೆದುಕೊಳ್ಳಿ. ಅರ್ಧ ಮೀಟರ್ ಉದ್ದದ ಮರಿ 50 ಗ್ರಾಂ ತೂಗುತ್ತದೆ ಎನ್ನೋಣ. ಅದು 2 ಮೀಟರ್ ಆದರೆ ಉದ್ದ 4 ಪಟ್ಟು. ಆಕಾರ ಬದಲಾಗದಿದ್ದರೆ ದಪ್ಪವೂ 4 ಪಟ್ಟು. ಆಗ ತೂಕ 4×4×4, ಅಂದರೆ 64 ಪಟ್ಟು, 3.2 ಕಿಲೊಗ್ರಾಂ. ಸಾಕುವವರ ಒಂದು ರೂಢಿಯೆಂದರೆ, ಕೊಡುವ ಇಲಿ ಹಾವಿನ ನಡುಭಾಗಕ್ಕಿಂತ ದಪ್ಪವಾಗಿರಬಾರದು. ಹಾವಿನ ದಪ್ಪ 4 ಪಟ್ಟಾದಾಗ ಅದು ನುಂಗಬಲ್ಲ ಇಲಿಯ ದಪ್ಪವೂ 4 ಪಟ್ಟಾಯಿತು. ಹಾಗಾದರೆ ಇಲಿಯ ತೂಕ? ಅದೂ 64 ಪಟ್ಟು. ಮರಿಯಾಗಿದ್ದಾಗ 5 ಗ್ರಾಮಿನ ಸುಂಡಿಲಿ ಮರಿ ಸಾಕಾಗಿದ್ದರೆ, ಈಗ 320 ಗ್ರಾಮಿನ ಇಲಿಯನ್ನು ಅದು ನುಂಗಬಲ್ಲದು.

ನುಂಗಬಲ್ಲದು, ಸರಿ. ಬೇಕಾದದ್ದು ಎಷ್ಟು? ಇಲ್ಲೇ ನನ್ನ ವಿದ್ಯಾರ್ಥಿ ಎಡವಿದ್ದು. ಪ್ರಾಣಿಯ ತೂಕ ಹೆಚ್ಚಿದಷ್ಟೇ ಪಟ್ಟು ಅದರ ಶಕ್ತಿವ್ಯಯ ಹೆಚ್ಚುವುದಿಲ್ಲ. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದಂತೆ ಸಸ್ತನಿಗಳ ಶಕ್ತಿವ್ಯಯ ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿದೆ. ಹಾವುಗಳಲ್ಲೂ ಈ ಘಾತ ಒಂದಕ್ಕಿಂತ ಕಡಿಮೆ, ಮುಕ್ಕಾಲಿನ ಆಸುಪಾಸು. 64ರ ವರ್ಗಮೂಲ 8, ಅದರ ವರ್ಗಮೂಲ 2.83, ಅದರ ಘನ ಸುಮಾರು 22.6. ಒಂದು ಊಟದ ಗಾತ್ರ 64 ಪಟ್ಟು ಬೆಳೆದಿದೆ, ಅಗತ್ಯ ಬೆಳೆದದ್ದು 23 ಪಟ್ಟು ಮಾತ್ರ. ಆದ್ದರಿಂದ ಊಟಗಳ ನಡುವಿನ ಬಿಡುವು 64ನ್ನು 22.6ರಿಂದ ಭಾಗಿಸಿದಷ್ಟು, ಅಂದರೆ 2.8 ಪಟ್ಟು ಹಿಗ್ಗಬೇಕು. ಮರಿಗೆ 10 ದಿನಕ್ಕೊಮ್ಮೆಯಾದರೆ ದೊಡ್ಡ ಹಾವಿಗೆ 28 ದಿನಕ್ಕೊಮ್ಮೆ! ಅನುಭವಿಗಳು ಮರಿಗೆ ವಾರ, ಹತ್ತು ದಿನಕ್ಕೊಮ್ಮೆ, ಬೆಳೆದದ್ದಕ್ಕೆ ಮೂರು, ನಾಲ್ಕು ವಾರಕ್ಕೊಮ್ಮೆ ಕೊಡುವುದು ಇದಕ್ಕೆ ಹೊಂದುತ್ತದೆ. ನಿಜಕ್ಕೂ ಅಗತ್ಯ ಇನ್ನೂ ಕಡಿಮೆಯಿರಬಹುದು. ಮರಿ ತಿಂದದ್ದರಲ್ಲಿ ಬಹುಪಾಲು ಮೈಕಟ್ಟಲು ಹೋಗುತ್ತದೆ, ಬೆಳೆದ ಹಾವಿಗೆ ಆ ಖರ್ಚಿಲ್ಲ. ಉಳಿದದ್ದು ಕೊಬ್ಬಾಗುತ್ತದೆ.

ಇಷ್ಟು ಕಡಿಮೆ ತಿಂದು ಅದು ಬದುಕುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ನಾವು ಉಣ್ಣುವುದರಲ್ಲಿ ದೊಡ್ಡ ಪಾಲು ಮೈಯನ್ನು 37 ಡಿಗ್ರಿಯಲ್ಲಿ ಇಡುವುದಕ್ಕೇ ಹೋಗುತ್ತದೆ. ಹಾವು ಶಾಖವನ್ನು ಹೊರಗಿನಿಂದ ಪಡೆಯುತ್ತದೆ, ಅದಕ್ಕೆ ಆ ಉರುವಲಿನ ಖರ್ಚಿಲ್ಲ. ಆದರೆ ಇದೇ ಕಾರಣಕ್ಕೆ ಪೆಟ್ಟಿಗೆಯ ಉಷ್ಣತೆಯೂ ಊಟದ ಲೆಕ್ಕದಲ್ಲಿ ಸೇರಬೇಕು. ಒಂದು ತುದಿ 31-32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರ ಸುತ್ತಮುತ್ತ ಇದ್ದರೆ, ತನಗೆ ಬೇಕಾದ ಜಾಗವನ್ನು ಹಾವೇ ಹುಡುಕಿಕೊಳ್ಳುತ್ತದೆ. ಉಷ್ಣತೆ ಇಳಿದಷ್ಟೂ ಜೀರ್ಣರಸಗಳ ಕ್ರಿಯೆ ನಿಧಾನ. ತೀರ ತಣ್ಣಗಾದರೆ ಹೊಟ್ಟೆಯೊಳಗಿನ ಇಲಿ ಜೀರ್ಣವಾಗುವ ಮೊದಲೇ ಕೊಳೆಯುತ್ತದೆ, ಹಾವು ಅದನ್ನು ಕಕ್ಕುತ್ತದೆ. ಕಕ್ಕಿತೆಂದು ಗಾಬರಿಯಿಂದ ಮರುದಿನವೇ ಇನ್ನೊಂದು ಕೊಡುವವರಿದ್ದಾರೆ, ಇದು ತಪ್ಪು. ಎರಡು ವಾರವಾದರೂ ಬಿಟ್ಟು ಚಿಕ್ಕದೊಂದನ್ನು ಕೊಡಬೇಕು. ತಿಂದ ಮೇಲೆ ಎರಡು ದಿನ ಹಾವನ್ನು ಎತ್ತಲೂಬಾರದು.

ಇಲಿ ಜೀವಂತವಾಗಿರಬೇಕೆ? ಬೇಡ. ಮೂಲೆಗೆ ಸಿಕ್ಕ ಇಲಿ ಹಾವನ್ನೇ ಕಚ್ಚಿ ಗಾಯಮಾಡುತ್ತದೆ. ಹೆಪ್ಪುಗಟ್ಟಿಸಿದ ಇಲಿ ಅಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಕೊಡುತ್ತಾರೆ. ಬೋವಾ ಶಾಖವನ್ನು ಗ್ರಹಿಸಬಲ್ಲದಾದ್ದರಿಂದ ಬೆಚ್ಚಗಿನ ಇಲಿಯನ್ನು ಬೇಗ ಹಿಡಿಯುತ್ತದೆ. ಪೆನ್ಸಿಲ್ವೇನಿಯದ್ದೇ ಆದ ಡಿಕಿನ್ಸನ್ ಕಾಲೇಜಿನ ಸ್ಕಾಟ್ ಬೋಬ್ಯಾಕ್ ಮತ್ತು ಸಂಗಡಿಗರು 2012ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಸತ್ತ ಇಲಿಯೊಳಗೆ ಬಡಿಯುವ ಕೃತಕ ಹೃದಯವಿಟ್ಟರೆ ಬೋವಾ ಹೆಚ್ಚು ಬಲವಾಗಿ, ಹೆಚ್ಚು ಹೊತ್ತು ಹಿಂಡಿತು. ಬೇಟೆಯ ಎದೆಬಡಿತ ಅದರ ಮೈಗೆ ತಿಳಿಯುತ್ತದೆ!

ನಮ್ಮ ಹೊಲಗಳ ಮಣ್ಣುಮುಕ್ಕ ಹಾವು ಬೋವಾದ ದೂರದ ನೆಂಟ. ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆದ್ದರಿಂದ ಈ ಲೆಕ್ಕವನ್ನು ಅದರ ಮೇಲೆ ಪ್ರಯೋಗಿಸಲು ಹೊರಡಬೇಡಿ.

ನನ್ನ ವಿದ್ಯಾರ್ಥಿಯ ಬಳಿ ಈಗ ಇನ್ನೊಂದು ಬೋವಾ ಇದೆ. ತಿಂಗಳಿಗೊಮ್ಮೆ ಅದನ್ನು ತೂಗಿ, ತೂಕವನ್ನೂ ಇಲಿಯ ತೂಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಮೈ ಬಾಗಿಸಿದಾಗ ಕೊಬ್ಬಿನ ಮಡಿಕೆ ಕಂಡರೆ ಮುಂದಿನ ಊಟವನ್ನು ಒಂದು ವಾರ ಮುಂದೂಡುತ್ತಾನೆ.