ತೊಲೆಯ ತುದಿಯಲ್ಲಿ ಗೆದ್ದಲು

ಘಟಪ್ರಭೆಯ ಬಯಲಿನಲ್ಲಿ, ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿಗೆ ಸೇರಿರುವ ನಾಗನೂರದಂತಹ ಊರುಗಳಲ್ಲಿ, ಹಳೆಯ ಮನೆಯೊಂದನ್ನು ಕೊಳ್ಳಹೊರಟವರು ಪಡಸಾಲೆಯ ಅಗಲವನ್ನೂ, ಹಿತ್ತಿಲಿನ ಉದ್ದವನ್ನೂ, ಆಸ್ತಿಯ ಉತಾರದಲ್ಲಿರುವ ಹೆಸರುಗಳನ್ನೂ ಬಹು ಶ್ರದ್ಧೆಯಿಂದ ಪರೀಕ್ಷಿಸಿ, ಕಡೆಗೆ ಏಣಿ ಹತ್ತಿ ಮಾಳಿಗೆಯ ಮೇಲೆ ಒಂದು ಸುತ್ತು ತಿರುಗಿ, ಮಣ್ಣು ಗಟ್ಟಿಯಾಗಿದೆಯೆಂದು ಸಮಾಧಾನಪಟ್ಟು ಇಳಿದುಬರುತ್ತಾರೆ. ಆದರೆ ಮಾಳಿಗೆಯ ಆಯುಷ್ಯವನ್ನು ನಿರ್ಣಯಿಸುವ ಸ್ಥಳವು ಕೆಳಗೆ, ತೊಲೆಯು ಗೋಡೆಯೊಳಗೆ ಹೊಕ್ಕು ಕಣ್ಮರೆಯಾಗುವ ಆ ಒಂದು ಗೇಣು ಜಾಗದಲ್ಲಿದೆ. ಅಲ್ಲಿ ವಾಸಕ್ಕೆ ಬರುವ ಗೆದ್ದಲೆಂಬ ಜೀವಿಯನ್ನು ಅರಿಯದೆ ಮಾಳಿಗೆಯನ್ನು ಅರಿಯುವುದು ಅಸಾಧ್ಯ.

ಮಾಳಿಗೆಯ ರಚನೆಯೇ ಒಂದು ಸೂಕ್ಷ್ಮವಾದ ವಿಜ್ಞಾನ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆಯ ಹಾಸು, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಅಡಿಯಷ್ಟು ದಪ್ಪದ ಮಣ್ಣು. ಸುತ್ತಲೂ ಹೇರಳವಾಗಿ ದೊರೆಯುವ ಎರೆಮಣ್ಣನ್ನು ಬಿಟ್ಟು ನಮ್ಮ ಹಿರಿಯರು ಸವಳು ಮಣ್ಣನ್ನೇ ಹುಡುಕಿ ತಂದುದು ಅಕಾರಣವಾಗಿ ಅಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬೆರಳು ತೂರುವಷ್ಟು ಬಿರಿಯುತ್ತದೆ. ಮುಂದಿನ ಮಳೆಯ ನೀರು ಆ ಬಿರುಕಿನಿಂದ ನೇರವಾಗಿ ಜಂತಿಗಿಳಿಯುತ್ತದೆ. ಸವಳು ಮಣ್ಣಿನಲ್ಲಿಯೋ ಸೋಡಿಯಂ ಅಧಿಕವಾಗಿರುವುದರಿಂದ, ಮೊದಲ ಹನಿಗಳು ತಾಕಿದೊಡನೆ ಜೇಡಿಯ ಅತಿಸೂಕ್ಷ್ಮ ಕಣಗಳು ಪರಸ್ಪರ ಬೇರ್ಪಟ್ಟು ಚದುರಿ, ಮಣ್ಣಿನ ರಂಧ್ರಗಳೊಳಗೆ ಹೊಕ್ಕು ಅವುಗಳನ್ನು ಮುಚ್ಚಿಬಿಡುತ್ತವೆ. ತರುವಾಯದ ನೀರು ಕೆಳಗಿಳಿಯಲಾರದೆ, ಮಳೆನೀರನ್ನು ಹೊರಚೆಲ್ಲುವ ದೋಣಿಯತ್ತ ಹರಿಯುತ್ತದೆ. ಕಾಲುವೆಯ ನೀರು ಮಿತಿಮೀರಿದ ಹೊಲಗಳನ್ನು ಸವಳು-ಜವಳಾಗಿಸಿ ರೈತನನ್ನು ಕಂಗೆಡಿಸುವ ಗುಣವೇ ಮಾಳಿಗೆಯ ಮೇಲೆ ಆತನ ರಕ್ಷಣೆಗೆ ನಿಂತಿರುವುದು ನನಗೆ ಸದಾ ಆಶ್ಚರ್ಯವನ್ನುಂಟುಮಾಡುವ ಸಂಗತಿ.

ಈ ಮಣ್ಣಿಗೆ ತೂಕವುಂಟು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಅಂಕಣದ ಮೇಲೆ ಒಂದಡಿ ಮಣ್ಣು ಹರಡಿದರೆ 100 ಘನ ಅಡಿಯಾಗುತ್ತದೆ. ಒಣಗಿದ್ದಾಗಲೂ ಅದು ಸುಮಾರು 4.5 ಟನ್ ತೂಗುತ್ತದೆ. ಸೋರಿದಾಗಲೆಲ್ಲ ಹಳೆಯದನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹೊಸ ಮಣ್ಣು ಸುರಿಯುವ ರೂಢಿಯಿದ್ದ ಮನೆಗಳಲ್ಲಿ, ಹೆಚ್ಚಿದ ಎರಡೆರಡು ಅಂಗುಲಕ್ಕೂ ಮುಕ್ಕಾಲು ಟನ್ ಭಾರ ಏರುತ್ತದೆ. ಆ ಭಾರವೆಲ್ಲ ಇಳಿಯುವುದು ತೊಲೆಗಳ ತುದಿಯ ಮೂಲಕ.

ಮಾಳಿಗೆಯ ಅಂಚಿನ ಗಿಡ್ಡ ಗೋಡೆಯಾದ ಕುಂಬಿಯ ಬುಡದಲ್ಲಿ, ದೋಣಿಯ ಪಕ್ಕದಲ್ಲಿ ಜಿನುಗಿದ ನೀರು ಗೋಡೆಯ ಒಳಗೇ ಇಳಿದು ಅದೇ ತುದಿಯನ್ನು ಸೇರುತ್ತದೆ. ಗೆದ್ದಲಿಗೆ ಬೇಕಾದುದೂ ಅಷ್ಟೇ: ಕತ್ತಲೆ, ತೇವ, ಕಟ್ಟಿಗೆ. ಇರುವೆಯ ಬಂಧುವೆಂದು ಜನ ಭಾವಿಸುವ ಈ ಕೀಟವು ವಾಸ್ತವವಾಗಿ ಜಿರಲೆಯ ವಂಶದ್ದು. ಅದರ ಕೆಲಸಗಾರ ಹುಳುಗಳಿಗೆ ಕಣ್ಣಿಲ್ಲ. ಮೈಯ ಚರ್ಮ ಬಹಳ ತೆಳುವಾದುದರಿಂದ ಬಿಸಿಲಿಗೂ ಒಣಗಾಳಿಗೂ ಸಿಕ್ಕರೆ ಬೇಗನೆ ಒಣಗಿ ಸಾಯುತ್ತವೆ. ಆದುದರಿಂದಲೇ ನೆಲದೊಳಗಿನ ಗೂಡಿನಿಂದ ತೊಲೆಯವರೆಗೆ, ಮಣ್ಣಿಗೆ ತಮ್ಮ ಜೊಲ್ಲನ್ನು ಬೆರೆಸಿ ಸುರಂಗವನ್ನು ಕಟ್ಟಿಕೊಂಡು, ಅದರೊಳಗಿನ ತೇವವಾದ ಗಾಳಿಯಲ್ಲಿಯೇ ಅವು ಓಡಾಡುತ್ತವೆ. ನಮ್ಮ ಹೊಲಗಳ ಹುತ್ತದ ಗೆದ್ದಲುಗಳಲ್ಲಿ ಮುಖ್ಯವಾದ ಒಡೊಂಟೊಟರ್ಮಿಸ್ ಕುಲದವಂತೂ ಕಟ್ಟಿಗೆಯನ್ನು ತಾವೇ ಪೂರ್ಣವಾಗಿ ಜೀರ್ಣಿಸಿಕೊಳ್ಳುವುದಿಲ್ಲ. ತಿಂದು ತಂದುದನ್ನು ಗೂಡಿನಲ್ಲಿ ಹಾಸಿ, ಅದರ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ, ಅದು ಮೆದುಗೊಳಿಸಿದ ಆಹಾರವನ್ನು ಉಣ್ಣುತ್ತವೆ. ಮುಂಗಾರಿನಲ್ಲಿ ಹುತ್ತದ ಬಳಿ ಏಳುವ ರುಚಿಕರವಾದ ಅಣಬೆಯು ಆ ಬೆಳೆಯದೇ.

ಬೆಳಕನ್ನು ಒಲ್ಲದ ಈ ಜೀವಿ ತೊಲೆಯ ಹೊರಮೈಯನ್ನು ಕಾಗದದಷ್ಟು ತೆಳುವಾಗಿ ಉಳಿಸಿ, ಒಳಗಿನ ಮೆದುಭಾಗವನ್ನು ನಾರಿನ ಗುಂಟ ತಿನ್ನುತ್ತ ಹೋಗುತ್ತದೆ. ಸಾಗವಾನಿಯ ಕೆಚ್ಚಿನಲ್ಲಿ ಗೆದ್ದಲಿಗೆ ಸಹಿಸದ ರಾಸಾಯನಿಕಗಳಿರುವುದರಿಂದ ಅದು ಬಹುಕಾಲ ಬಾಳುತ್ತದೆ. ಆದರೆ ಅದೇ ಮರದ ಹೊರಪದರದ ಬಿಳಿ ಕಟ್ಟಿಗೆಗೆ ಆ ರಕ್ಷಣೆಯಿಲ್ಲ. ಸಾಗವಾನಿ ತೊಲೆಯೆಂಬ ಮಾತನ್ನು ಕೇಳಿದ ಮಾತ್ರಕ್ಕೆ ಪರೀಕ್ಷೆಯನ್ನು ಬಿಡಲಾಗದು.

ಪರೀಕ್ಷೆಗೆ ಅನುಭವಿ ಬಡಿಗನೊಬ್ಬನನ್ನು ಕರೆದೊಯ್ಯುವುದು ಉಚಿತ. ಆತನು ಸುತ್ತಿಗೆಯಿಂದ ತೊಲೆಯ ನಡುವೆ ತಟ್ಟಿ, ಹಾಗೆಯೇ ತಟ್ಟುತ್ತ ಗೋಡೆಯವರೆಗೆ ಸರಿಯುವನು. ಗಟ್ಟಿಯಾದ ನಾದವು ತುದಿಯ ಬಳಿ ಬೊಳ್ಳೆಂದು ಬದಲಾದರೆ, ಅಲ್ಲಿ ಉಳಿಯ ಮೊನೆಯನ್ನು ಒತ್ತಿ ನೋಡುವನು. ಮೊನೆ ಸಲೀಸಾಗಿ ಒಳಸರಿದರೆ ಸಂದೇಹ ಉಳಿಯುವುದಿಲ್ಲ. ತುದಿಗಳಿಗೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ ಅಥವಾ ಸಿಮೆಂಟು ಮೆತ್ತಿದ್ದರೆ ಕಾರಣವನ್ನು ಕೇಳಲೇಬೇಕು. ಮನೆಯವರ ಅನುಮತಿ ಪಡೆದು ಗೋಡೆಯ ಮೇಲಿನ ಮಣ್ಣಿನ ಸುರಂಗವನ್ನು ಒಂದು ಬೆರಳಷ್ಟು ಕೆರೆದು, ಎರಡು ಮೂರು ದಿನಗಳ ಬಳಿಕ ಮತ್ತೆ ನೋಡಿದಾಗ, ಮುರಿದ ಭಾಗವು ಹಸಿಮಣ್ಣಿನಿಂದ ಕೂಡಿಕೊಂಡಿದ್ದರೆ ಗೂಡು ಜೀವಂತವಾಗಿದೆ. ಹಾಗೆಯೇ ಒಣಗಿ ಉದುರುತ್ತಿದ್ದರೆ ಗೆದ್ದಲು ಆ ದಾರಿಯನ್ನು ಬಿಟ್ಟಿದೆಯೆಂದು ಊಹಿಸಬಹುದು, ಬೇರೆ ದಾರಿಯನ್ನು ಹುಡುಕಬೇಕು.

2019ರ ಆಗಸ್ಟಿನ ಘಟಪ್ರಭೆಯ ಮಹಾಪೂರದಲ್ಲಿ ನೀರು ನಿಂತಿದ್ದ ಮಣ್ಣಿನ ಗೋಡೆಯಾದರೆ ಇನ್ನೊಂದು ವಿಚಾರವುಂಟು: ನೆನೆದು ಕುಸಿದ ಗೋಡೆಯ ಮೇಲೆ ತೊಲೆ ಓರೆಯಾಗಿ ಕುಳಿತಿರಬಹುದು, ಈ ತುದಿಯಿಂದ ಆ ತುದಿಗೆ ದಾರ ಕಟ್ಟಿ ನೋಡಿದರೆ ತೊಲೆಯ ಬಾಗು, ನೀರುಮಟ್ಟ ಹಿಡಿದರೆ ಅದರ ಓರೆ ತಿಳಿಯುತ್ತದೆ.

ಒಂದೆರಡು ತುದಿಗಳು ಮಾತ್ರ ಕೆಟ್ಟಿದ್ದರೆ ಮನೆಯನ್ನು ಬಿಡಬೇಕಾಗಿಲ್ಲ. ತೊಲೆಗೆ ಆಸರೆ ಕೊಟ್ಟು, ಕೆಟ್ಟ ಭಾಗವನ್ನು ಕೊಯ್ದು, ಗೋಡೆಗೆ ಹತ್ತಿ ಹೊಸ ಕಂಬವನ್ನು ಕಲ್ಲಿನ ಅಡಿಯ ಮೇಲೆ ನಿಲ್ಲಿಸಿದರೆ ಉಳಿದ ತೊಲೆ ಇನ್ನೂ ಒಂದು ತಲೆಮಾರು ಭಾರ ಹೊರಬಲ್ಲುದು. ತುದಿಗಳೆಲ್ಲ ಟೊಳ್ಳಾಗಿದ್ದರೆ ಮಾತ್ರ ಮಣ್ಣನ್ನು ಪೂರ್ತಿ ಇಳಿಸಿ ಜಂತಿ ಬಿಚ್ಚಬೇಕಾಗುತ್ತದೆ. ಆ ಖರ್ಚನ್ನು ಬಡಿಗನಿಂದಲೇ ಲೆಕ್ಕಹಾಕಿಸಿ, ಸಂಚಕಾರ ಕೊಡುವ ಮುನ್ನವೇ ಬೆಲೆಯಲ್ಲಿ ಇಳಿಸಿ ಮಾತಾಡತಕ್ಕದ್ದು.