ತಾನೇ ಬೆಳಗುವ ದುರ್ಬೀನಿಗೂ ಆಯುಷ್ಯವುಂಟು

ರವಿವಾರದ ಬಿಡುವಿನಲ್ಲಿ ಪುಣೆಯ ಜುನಾ ಬಾಜಾರಿಗೆ ಹೋಗಿಬರುವ ನಮ್ಮ ಹೋಟೆಲ್ ಬಂಧುಗಳು ಅನೇಕರು. ಹಳೆಯ ಗಡಿಯಾರ, ದಿಕ್ಸೂಚಿ, ದುರ್ಬೀನುಗಳ ರಾಶಿಯಲ್ಲಿ ಕತ್ತಲೆಯಲ್ಲಿ ಹೊಳೆಯುವ ಸರಕೊಂದು ಕೈಗೆ ಸಿಕ್ಕಿದರೆ ಆಸೆಯಾಗುವುದು ಸಹಜವೇ. ಆದರೆ ಅದು ಯಾವುದರ ಬೆಳಕೆಂಬುದನ್ನು ತಿಳಿಯದೆ ಅದರ ಮುಚ್ಚಳವನ್ನು ಬಿಚ್ಚತಕ್ಕದ್ದಲ್ಲ.

ಸೈನಿಕರ ಬಂದೂಕಿನ ಮೇಲೆ ಕೂರಿಸುವ ಕೆಲವು ಗುರಿದುರ್ಬೀನುಗಳಿಗೆ ಬ್ಯಾಟರಿಯೂ ಇಲ್ಲ, ಗುಂಡಿಯೂ ಇಲ್ಲ. ಆದರೂ ಒಳಗಿನ ಗುರುತು ಇರುಳೆಲ್ಲ ಬೆಳಗುತ್ತಿರುತ್ತದೆ. ಬ್ರಿಟಿಷ್ ಸೇನೆಯ ಟ್ರೈಲಕ್ಸ್, ಅಮೆರಿಕದ ಟ್ರಿಜಿಕಾನ್ ಕಂಪನಿಯ ಎಕಾಗ್ ಈ ಜಾತಿಯವು. ಇವುಗಳೊಳಗೆ ಅತಿ ಸಣ್ಣ ಗಾಜಿನ ನಳಿಕೆಯೊಂದಿದ್ದು, ಅದರಲ್ಲಿ ಟ್ರೀಷಿಯಂ ಎಂಬ ಅನಿಲವನ್ನು ತುಂಬಿ ಮುಚ್ಚಿರುತ್ತಾರೆ. ಟ್ರೀಷಿಯಂ ಜಲಜನಕದ ಕುಲಕ್ಕೆ ಸೇರಿದ್ದೇ. ಆದರೆ ಅದರ ಪರಮಾಣು ಸ್ಥಿರವಲ್ಲ. ಅದು ಒಡೆಯುವಾಗ ಹೊರಬೀಳುವ ವಿದ್ಯುತ್ಕಣಗಳು ನಳಿಕೆಯ ಒಳಮೈಯ ಲೇಪಕ್ಕೆ ಬಡಿದು ಅದನ್ನು ಬೆಳಗಿಸುತ್ತವೆ. ಈ ಕಣಗಳು ಗಾಜನ್ನಾಗಲಿ ಮನುಷ್ಯನ ಚರ್ಮವನ್ನಾಗಲಿ ದಾಟಲಾರದಷ್ಟು ದುರ್ಬಲ.

ಟ್ರೀಷಿಯಂನ ಅರ್ಧಾಯುಷ್ಯ 12.3 ವರ್ಷ. ಹನ್ನೆರಡು ವರ್ಷ ಕಳೆಯುವಾಗ ಅರ್ಧದಷ್ಟು ಅನಿಲವೂ, ಇಪ್ಪತ್ತೈದು ವರ್ಷಕ್ಕೆ ಕಾಲುಭಾಗವೂ ಉಳಿಯುತ್ತದೆ. ಲೇಪವೂ ಸವೆಯುವುದರಿಂದ ಬೆಳಕು ಇನ್ನೂ ತುಸು ಬೇಗನೆ ಕುಂದುತ್ತದೆ. ದುರ್ಬೀನನ್ನು ಬಳಸದೆ ಪೆಟ್ಟಿಗೆಯಲ್ಲಿಟ್ಟರೆ ಬಾಳೀತೆಂಬುದು ಭ್ರಮೆ. ಪರಮಾಣುವಿಗೆ ಕೆಲಸದ ದಿನ, ರಜೆಯ ದಿನ ಎಂಬ ಭೇದವಿಲ್ಲ.

ಹೀಗೆ ಮಂಕಾದ ದುರ್ಬೀನು ಕೆಟ್ಟಿತೆಂದು ತಿಳಿಯಬಾರದು. ಮಸೂರಗಳು ಹಾಗೆಯೇ ಇರುತ್ತವೆ. ಹಗಲಲ್ಲಿ ಗುರಿ ಕಾಣುತ್ತದೆ. ಕೆಟ್ಟಿರುವುದು ಆ ನಳಿಕೆಯೊಂದೇ. ಅದನ್ನು ಬದಲಿಸುವ ಕೆಲಸ ತಯಾರಕರದು, ಇಲ್ಲವೆ ಅನುಮತಿ ಪಡೆದ ಕಾರ್ಯಾಗಾರದ್ದು. ಅವರು ಹೊಸ ನಳಿಕೆ ಕೂರಿಸಿ, ಒಳಗೆ ಒಣ ಸಾರಜನಕವನ್ನು ತುಂಬಿ, ಬಿಗಿಯಾಗಿ ಮುಚ್ಚುತ್ತಾರೆ. ಬಂದೂಕಿಗೆ ಮರಳಿ ಜೋಡಿಸಿದ ಮೇಲೆ ಗುರಿಯನ್ನು ಮತ್ತೆ ಸರಿಪಡಿಸಬೇಕಾಗುತ್ತದೆ. ಪೇಟೆಯ ಗಡಿಯಾರದ ಅಂಗಡಿಯಲ್ಲಿ ಬಿಚ್ಚಿಸಿದರೆ ಪುಣೆಯ ಮಳೆಗಾಲದ ತೇವ ಒಳಹೊಕ್ಕು ಗಾಜು ಮಂಜುಗಟ್ಟುತ್ತದೆ. ನಳಿಕೆ ಒಡೆದರೆ ಕಿಟಕಿಗಳನ್ನು ತೆರೆದು, ಸ್ವಲ್ಪ ಹೊತ್ತು ಹೊರಗಿರುವುದು ಕ್ಷೇಮ. ಅನಿಲರೂಪದಲ್ಲಿ ಅದು ದೇಹಕ್ಕೆ ಅಷ್ಟಾಗಿ ಅಂಟುವುದಿಲ್ಲ.

ನೀರಿನಲ್ಲಿ ಬೆರೆತರೆ ಮಾತು ಬೇರೆ. ಇದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯೇ ಸಾಕ್ಷಿ. ಕೈಗಾದಂತಹ ಭಾರಜಲದ ಸ್ಥಾವರಗಳಲ್ಲಿ ಟ್ರೀಷಿಯಂ ತಾನಾಗಿ ಹುಟ್ಟುತ್ತದೆ. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಯಂತ್ರದಲ್ಲಿ ಟ್ರೀಷಿಯಂಯುಕ್ತ ಭಾರಜಲ ಬೆರೆತು, ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹವನ್ನು ಸೇರಿತು. ಹೀಗೆ ಸೇರಿದ್ದು ಸುಮಾರು ಹತ್ತು ದಿನಗಳಲ್ಲಿ ಅರ್ಧದಷ್ಟು ಹೊರಹೋಗುತ್ತದೆ. ಹೆಚ್ಚು ದ್ರವ ಕುಡಿಸಿ ಅದನ್ನು ಬೇಗ ಹೊರಹಾಕಿಸುವುದೇ ಚಿಕಿತ್ಸೆ.

ಬಾಜಾರಿನ ಸರಕಿನಲ್ಲಿ ನಿಜಕ್ಕೂ ಅಂಜಬೇಕಾದದ್ದು ಟ್ರೀಷಿಯಂಗಲ್ಲ, ರೇಡಿಯಂಗೆ. ಅರ್ಧ ಶತಮಾನಕ್ಕಿಂತ ಹಳೆಯ ಎಷ್ಟೋ ಗಡಿಯಾರಗಳ ಮುಖಕ್ಕೆ, ಸೈನ್ಯದ ದಿಕ್ಸೂಚಿಗಳಿಗೆ ಅದನ್ನು ಬಳಿಯುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಕುಂಚವನ್ನು ತುಟಿಯಲ್ಲಿ ಚೂಪುಮಾಡಿ ಅದನ್ನು ಬಳಿದ ಹುಡುಗಿಯರು ದವಡೆ ಕೊಳೆತು ಸತ್ತರು. ಬದುಕುಳಿದ ಐವರ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಲೇಪ ಮಾತ್ರ ಕೆಲವೇ ವರ್ಷಗಳಲ್ಲಿ ಸಾಯುವುದರಿಂದ ಗಡಿಯಾರ ಕತ್ತಲಾಗುತ್ತದೆ, ವಿಷ ಹಾಗೆಯೇ ಉಳಿಯುತ್ತದೆ.

ಸರಕನ್ನು ಒಂದು ಹಗಲು, ಒಂದು ರಾತ್ರಿ ಡಬ್ಬಿಯಲ್ಲಿ ಮುಚ್ಚಿಟ್ಟು ನೋಡಿರಿ. ಹೊಳಪು ಆರಿಹೋದರೆ ಅದು ಬಹುಮಟ್ಟಿಗೆ ಬೆಳಕು ಕುಡಿದು ಹೊಳೆಯುವ ಈಗಿನ ಬಣ್ಣ. ಹೊಳಪು ಕದಲದೆ ನಿಂತರೆ ಟ್ರೀಷಿಯಂ ಇದ್ದೀತು. ಆದರೆ ಗಡಿಯಾರ ಬಹು ಹಳೆಯದಾಗಿ, ಅಂಕಿಗಳ ಮೇಲೆ ಕಂದು ಬಣ್ಣದ ಪುಡಿಪುಡಿ ಲೇಪವಿದ್ದರೆ, ಹೊಳೆಯಲಿ ಬಿಡಲಿ, ಅದನ್ನು ಕೆರೆಯಬೇಡಿರಿ, ಊದಬೇಡಿರಿ, ಮಕ್ಕಳ ಕೈಗೆ ಕೊಡಬೇಡಿರಿ.