1.4 ಸೆಕೆಂಡಿನಲ್ಲಿ ನಿಂತ ಮನುಷ್ಯ

1954ರ ಡಿಸೆಂಬರ್ 10. ಅಮೆರಿಕದ ನ್ಯೂ ಮೆಕ್ಸಿಕೊದ ಹಾಲೊಮನ್ ವಾಯುನೆಲೆಯಲ್ಲಿ ಹಳಿಯ ಮೇಲೊಂದು ಬಂಡಿ. ಅದನ್ನು ನೂಕಲು ಒಂಬತ್ತು ರಾಕೆಟ್‌ಗಳು. ಕುರ್ಚಿಯಲ್ಲಿ ಪಟ್ಟಿ ಬಿಗಿಸಿಕೊಂಡು ಕೂತವರು ವಾಯುಸೇನೆಯ ವೈದ್ಯ ಜಾನ್ ಪಾಲ್ ಸ್ಟಾಪ್. ವಿಮಾನದಿಂದ ಹೊರಚಿಮ್ಮುವ ಪೈಲಟ್‌ನ ದೇಹ ಎಷ್ಟು ತಾಳೀತು ಎಂದು ತಿಳಿಯಲು ತಮ್ಮ ಮೈಯನ್ನೇ ಒಡ್ಡಿದ್ದರು.

ಐದು ಸೆಕೆಂಡಿನಲ್ಲಿ ಬಂಡಿ ಗಂಟೆಗೆ 1,017 ಕಿ.ಮೀ. ವೇಗ ಮುಟ್ಟಿತು. ಶಾಲೆಯಲ್ಲಿ ಕಲಿತದ್ದೇ ಲೆಕ್ಕ: ಕೊನೆಯ ವೇಗದಲ್ಲಿ ಮೊದಲಿನದನ್ನು ಕಳೆದು, ಹಿಡಿದ ಸಮಯದಿಂದ ಭಾಗಿಸಿದರೆ ವೇಗೋತ್ಕರ್ಷ. ಗಂಟೆಯನ್ನೂ ಸೆಕೆಂಡನ್ನೂ ಬೆರೆಸಿದರೆ ಮಾತ್ರ ಕೆಟ್ಟಿತು. 3.6ರಿಂದ ಭಾಗಿಸಿ ಸೆಕೆಂಡಿಗೆ 282.5 ಮೀಟರ್ ಮಾಡಿಕೊಳ್ಳಬೇಕು. ಅದನ್ನು ಐದರಿಂದ ಭಾಗಿಸಿದರೆ 56.5, ಒಂದೊಂದು ಸೆಕೆಂಡಿಗೂ ವೇಗ ಅಷ್ಟಷ್ಟು ಏರಿತು. ಭೂಮಿಯ ಗುರುತ್ವ 9.8 ತಾನೆ? ಅದರ ಆರು ಪಟ್ಟಿಗೆ ಸ್ವಲ್ಪ ಕಡಿಮೆ.

ನಿಜವಾದ ಪೆಟ್ಟು ಬಿದ್ದದ್ದು ನಿಲ್ಲುವಾಗ. ಹಳಿಗಳ ನಡುವೆ ತುಂಬಿದ್ದ ನೀರಿಗೆ ಬಂಡಿಯ ತಳ ಬಡಿದು, 1.4 ಸೆಕೆಂಡಿನಲ್ಲಿ ಎಲ್ಲ ಸ್ತಬ್ಧ. 282.5ನ್ನು 1.4ರಿಂದ ಭಾಗಿಸಿದರೆ ಸುಮಾರು 202, ಗುರುತ್ವದ ಇಪ್ಪತ್ತು ಪಟ್ಟಿಗಿಂತ ಸ್ವಲ್ಪ ಹೆಚ್ಚು. ವೇಗ ಇಳಿದದ್ದರಿಂದ ಚಿಹ್ನೆ ಋಣ. ಆದರೆ ದಾಖಲಾದ ಗರಿಷ್ಠ ಹೊಡೆತ 46.2 ಪಟ್ಟು! ಲೆಕ್ಕ ತಪ್ಪಿಲ್ಲ. ಭಾಗಾಕಾರ ಕೊಡುವುದು ಸರಾಸರಿ ಮಾತ್ರ, ನೀರಿನ ತಡೆಯೋ ಒಂದೇ ಸಮನಾಗಿ ಇರುವುದಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳು ಈ ಇಡೀ ರಗಳೆಯನ್ನು ‘ಏಕರೂಪ ವೇಗೋತ್ಕರ್ಷ ಎಂದು ಭಾವಿಸಿ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಸ್ಟಾಪ್ ಅವರ ಕಣ್ಣಿನ ರಕ್ತನಾಳಗಳು ಒಡೆದು ಕೆಲಹೊತ್ತು ಏನೂ ಕಾಣದಾಯಿತು. ದೃಷ್ಟಿ ಮರಳಿತು, ಅವರು 1999ರವರೆಗೆ ಬದುಕಿದರು.

ಅವರನ್ನು ಕಾಯ್ದದ್ದು ಆ ಪಟ್ಟಿಗಳು. ಕಾರಿನಲ್ಲೂ ಅವು ಇರಲೇಬೇಕೆಂದು ಸ್ಟಾಪ್ ಪಟ್ಟುಹಿಡಿದರು. 1966ರಲ್ಲಿ ಅಮೆರಿಕ ವಾಹನ ಸುರಕ್ಷತೆಯ ಕಾಯ್ದೆಯನ್ನೇ ತಂದಿತು. ಅದೇ ಲೆಕ್ಕವನ್ನು ಕಾರಿಗೂ ಹಾಕಿ ನೋಡಿ: ಗಂಟೆಗೆ 60 ಕಿ.ಮೀ. ವೇಗದ ಕಾರು ಬ್ರೇಕ್ ಹಾಕಿ ನಾಲ್ಕು ಸೆಕೆಂಡಿನಲ್ಲಿ ನಿಂತರೆ ಉತ್ತರ ಬರೀ 4.2. ಗೋಡೆಗೆ ಗುದ್ದಿ 0.1 ಸೆಕೆಂಡಿನಲ್ಲಿ ನಿಂತರೆ 167, ಗುರುತ್ವದ ಹದಿನೇಳು ಪಟ್ಟು. ಬೆಲ್ಟ್ ಹಾಕಿದವರಿಗೆ ಕಾರಿನ ಮೂತಿ ನುಗ್ಗಾಗುವಷ್ಟು ಹೊತ್ತಾದರೂ ಸಿಗುತ್ತದೆ. ಹಾಕದವರು ಅದೇ 60ರ ವೇಗದಲ್ಲಿ ಮುಂದೆ ನುಗ್ಗಿ, ಆಗಲೇ ನಿಂತುಹೋಗಿರುವ ಡ್ಯಾಶ್‌ಬೋರ್ಡಿಗೆ ಅಪ್ಪಳಿಸುತ್ತಾರೆ. ಅವರ ಲೆಕ್ಕದಲ್ಲಿ ಭಾಗಿಸಬೇಕಾದ ಸಮಯ 0.1 ಸೆಕೆಂಡಿಗಿಂತಲೂ ಎಷ್ಟೋ ಕಡಿಮೆ.